ನೂರೆಂಟು ಜಪಕ್ಕೆ ಚಾಲೂ ಆಗುವ ಗಾಡಿ

ಹೊಳೆದಂಡೆಯ ಒಂದು ಆಶ್ರಮದಲ್ಲಿ ನಿಂಗೊಂಡ ಎಂಬ ಶಿಷ್ಯನಿದ್ದ. ಒಂಬತ್ತು ವರ್ಷದಿಂದ ದಿನಾ ಜಪ ಮಾಡುತ್ತಿದ್ದ. ಒಂಬತ್ತು ವರ್ಷದಲ್ಲಿ ಅವನಿಗೆ ಏನೂ ಆಗಿರಲಿಲ್ಲ.

ಬೆಳಕು ಕಂಡಿರಲಿಲ್ಲ. ನಾದ ಕೇಳಿರಲಿಲ್ಲ. ಹೇಳಿಕೊಳ್ಳುವಂಥ ಒಂದು ಕನಸೂ ಬಿದ್ದಿರಲಿಲ್ಲ. ಕಾಲು ಜೋಮು ಹಿಡಿಯುತ್ತಿತ್ತು, ಅದೊಂದು ಮಾತ್ರ ತಪ್ಪದೆ ಆಗುತ್ತಿತ್ತು.

ಅವನ ಜೊತೆಗೇ ಆಶ್ರಮ ಸೇರಿದ ಇನ್ನೊಬ್ಬನಿಗೆ ಧ್ಯಾನದಲ್ಲಿ ಮಲ್ಲಿಗೆಯ ವಾಸನೆ ಬರುತ್ತಿತ್ತಂತೆ. ನಿಂಗೊಂಡನಿಗೆ ಅಡುಗೆಮನೆಯ ಒಗ್ಗರಣೆಯ ವಾಸನೆ ಬರುತ್ತಿತ್ತು.

ಒಂದು ದಿನ ಅವನು ತಡೆಯಲಾರದೆ ಗುರುಗಳ ಮುಂದೆ ಹೋಗಿ ಕೂತ. ಆ ಗುರುಗಳನ್ನು ಸುತ್ತಲಿನವರೆಲ್ಲ ಅಜ್ಜಾರು ಎಂದೇ ಕರೆಯುತ್ತಿದ್ದರು.

"ಅಜ್ಜಾರ, ನನ್ನ ಜಪಾ ಮುಟ್ಟಬೇಕಾದಲ್ಲಿ ಮುಟ್ಟಾಕತ್ತೈತೋ ಇಲ್ಲೋ, ಒಂದು ಗುರುತರೆ ಸಿಗಬೇಕ್ರಿ."

"ಸಿಗಲಿಲ್ಲಂದ್ರ?"

"ಯುಗಾದಿ ತನಕ ನೋಡ್ತೀನ್ರಿ. ಆಮ್ಯಾಲ ಊರಿಗೆ ಹೋಗಿ ನಮ್ಮಣ್ಣನ ಹಿಟ್ಟಿನ ಗಿರಣ್ಯಾಗ ಕುಂದರತೀನಿ."

ಅಜ್ಜಾರು ಟವೆಲ್ ಕೈಗೆತ್ತಿಕೊಂಡರು.

"ಗಿರಣಿ ಚಲೋ ನಡೀತೈತೇನು?"

"ಚಲೋ ನಡೀತೈತ್ರಿ."

"ಹಂಗಾದ್ರ ಚಿಂತಿ ಇಲ್ಲ ಬಿಡು" ಎಂದು ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು.

ಇಂಥ ಉತ್ತರ ಕೇಳಿ ಕೇಳಿ ನಿಂಗೊಂಡನಿಗೆ ಅಭ್ಯಾಸವಾಗಿತ್ತು. ಅದರಲ್ಲೊಂದು ಒಳಾರ್ಥ ಇರಲೇಬೇಕೆಂದು ಅವನು ಎರಡು ದಿನ ಗಿರಣಿಯ ಬಗ್ಗೆ ಚಿಂತನೆ ಮಾಡಿದ.

ಆ ಸಂಕ್ರಾಂತಿಗೆ ಆಶ್ರಮಕ್ಕೊಂದು ಗಾಡಿ ಬಂತು.

ದಪ್ಪ ದಪ್ಪ ನಾಲ್ಕು ಗಾಲಿ ಇದ್ದವು, ಆದರೆ ಕಾರಲ್ಲ. ಬೈಕಿನಂಥ ಹ್ಯಾಂಡಲ್ ಇತ್ತು, ಬೈಕೂ ಅಲ್ಲ. ತಮ್ಮ ರೆಸಾರ್ಟ್ ಮುಚ್ಚಿದ ಭಕ್ತರೊಬ್ಬರು ತಂದು ಬಿಟ್ಟಿದ್ದರು. ಇದಕ್ಕೆ ಎಟಿವಿ ಅಂತಾರೆ, ಉಸುಕು ಕೆಸರು ಕಲ್ಲು ಏನಿದ್ದರೂ ಹತ್ತಿ ಇಳಿದು ಹೋಗುತ್ತದೆ ಎಂದರು. ಊರವರು ಅದನ್ನು ನಾಲ್ಕು ಗಾಲಿ ಫಟಫಟಿ ಎಂದರು. ಆ ಹೆಸರೇ ಉಳಿಯಿತು.

ಆಶ್ರಮಕ್ಕೆ ಅದರಿಂದ ಕೆಲಸವಿತ್ತು. ಬಿಸಿಲು ಏರಿದಂತೆ ಹೊಳೆ ಬತ್ತಿ, ದಂಡೆಯಿಂದ ನಡುಗಡ್ಡೆಯ ತನಕ ಎರಡು ಮೈಲಿ ಬರೀ ಉಸುಕಾಗುತ್ತಿತ್ತು. ತೆಪ್ಪಕ್ಕೆ ನೀರು ಸಾಲದು, ಎತ್ತಿನ ಗಾಡಿ ಹೂತುಹೋಗುತ್ತದೆ. ನಡುಗಡ್ಡೆಯಲ್ಲಿ ನಲವತ್ತು ಮನೆಗಳಿದ್ದವು. ಅವರಿಗೆ ಅಕ್ಕಿ ಬೇಳೆ ಮುಟ್ಟಿಸಬೇಕು. ತಿಂಗಳಿಗೊಂದು ಗುರುವಾರ ನರ್ಸು ಎಸ್ತೇರಮ್ಮನವರನ್ನೂ ಅವರ ಲಸಿಕೆಯ ಡಬ್ಬಿಯನ್ನೂ ಮುಟ್ಟಿಸಬೇಕು. ಡಬ್ಬಿಯೊಳಗೆ ಬರ್ಫ ಇರುತ್ತಿತ್ತು. ಅದು ಕರಗುವುದರೊಳಗೆ ಲಸಿಕೆ ಕೂಸುಗಳಿಗೆ ಬೀಳಬೇಕು.

"ಇದನ್ನ ನಿಂಗೊಂಡ ನಡಸ್ತಾನ" ಎಂದರು ಅಜ್ಜಾರು.

"ನನಗ ಸೈಕಲ್ ಬಿಟ್ರ ಏನೂ ಬರೂದಿಲ್ರಿ ಅಜ್ಜಾರ."

"ನಿನ್ನಕಿಂತಾ ಗಾಡಿಗೆ ಜಾಸ್ತಿ ಗೊತ್ತೈತಿ. ಅದರ ಮಾತು ಕೇಳು."

ನಿಂಗೊಂಡ ನಾಲ್ಕು ದಿನದಲ್ಲಿ ಕಲಿತ. ಐದನೆಯ ದಿನಕ್ಕೆ ಗಾಡಿಯ ಮೇಲೆ ಅವನಿಗೆ ಪ್ರೀತಿ ಬಂತು.

ಊರವರು ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾಡುವುದನ್ನು ಅವನು ದಿನಾ ಮಾಡಿದ. ಬೆಳಿಗ್ಗೆ ಮಿಂದು ಮಡಿಯುಟ್ಟು ಬಂದು ಗಾಡಿಗೆ ನೀರು ಚಿಮುಕಿಸುವನು. ಗಾಡಿಯ ಮುಂದಿನ ದೀಪಕ್ಕೆ ವಿಭೂತಿ, ಹ್ಯಾಂಡಲ್ಲಿಗೆ ಹೂವು. ಗಂಧ ಎಲ್ಲಿಡಬೇಕೆಂದು ಮೊದಲ ದಿನ ತಿಳಿಯಲಿಲ್ಲ, ಗಾಡಿಗೆ ಹಣೆ ಇರಲಿಲ್ಲ. ಎತ್ತರದಲ್ಲಿ, ದುಂಡಗೆ, ಹಣೆಯ ಹಾಗೆ ಕಂಡದ್ದು ಪೆಟ್ರೋಲ್ ಟಾಕಿಯ ಮುಚ್ಚಳ ಒಂದೇ.

ಮುಚ್ಚಳದ ನಟ್ಟನಡುವೆ ಸಾಸಿವೆ ಕಾಳಿನಷ್ಟು ತಗ್ಗಿತ್ತು. ಗಂಧ ಅಲ್ಲಿ ಹೇಳಿ ಮಾಡಿಸಿದಂತೆ ಕೂರುತ್ತಿತ್ತು.

ಮೂರನೆಯ ವಾರ ಗಾಡಿ ನಡು ಉಸುಕಿನಲ್ಲಿ ನಿಂತಿತು.

ಎರಡು ಸಲ ಬಿಕ್ಕಿತು, ಒಮ್ಮೆ ಕೆಮ್ಮಿತು, ಸುಮ್ಮನಾಯಿತು. ನಿಂಗೊಂಡ ಗಾಡಿ ಚಾಲೂ ಮಾಡುವ ಹಗ್ಗ ಎಳೆದ. ಮತ್ತೆ ಎಳೆದ. ಚೋಕ್ ಎಳೆದ, ಬಿಟ್ಟ. ಪೆಟ್ರೋಲ್ ಕಾಕ್ ತಿರುಗಿಸಿ ನೋಡಿದ, ತೆರೆದೇ ಇತ್ತು. ಗಾಡಿಯನ್ನು ಅಲುಗಿಸಿದ. ಟಾಕಿಯೊಳಗೆ ಪೆಟ್ರೋಲ್ ದಂಡಿಯಾಗಿ ಕುಲುಕಿತು.

ಕಾರ್ಬೋರೇಟರಿಗೆ ಹೋಗುವ ನಳಿಗೆಯನ್ನು ಬಿಚ್ಚಿ ಕೆಳಗೆ ಹಿಡಿದ. ನಾಲ್ಕು ಹನಿ ಬಿದ್ದು ನಿಂತಿತು.

ಮಾಡಲು ಬೇರೇನೂ ಉಳಿದಿರಲಿಲ್ಲ. ನಳಿಗೆ ಸಿಕ್ಕಿಸಿ, ಗಾಡಿಯ ನೆರಳಿನಲ್ಲಿ ಕೂತು, ಜಪಮಾಲೆ ತೆಗೆದ. ನೂರೆಂಟು ಮಣಿ ನಿಧಾನವಾಗಿ ಎಣಿಸಿದ. ಎದ್ದು ಹಗ್ಗ ಎಳೆದ.

ಗಾಡಿ ಫಟಫಟ ಎಂದಿತು.

ನಿಂಗೊಂಡನ ಮೈಮೇಲಿನ ಕೂದಲೆಲ್ಲ ನಿಮಿರಿ ನಿಂತವು. ಒಂಬತ್ತು ವರ್ಷದ ಮೇಲೆ ಯಾರೋ ಓಗೊಟ್ಟಿದ್ದರು. ಅಕ್ಕಿ ಚೀಲ ನಡುಗಡ್ಡೆಗೆ ಇಳಿಸಿದವನು ಹಿಂದಿರುಗುವಾಗ ದಾರಿಯುದ್ದಕ್ಕೂ ಅಳುತ್ತ ಬಂದ.

"ಅಜ್ಜಾರ! ಗುರುತು ಸಿಕ್ತ್ರಿ!"

ಅಜ್ಜಾರು ಎಲ್ಲ ಕೇಳಿದರು. ಆಮೇಲೆ ಒಂದು ಪ್ರಶ್ನೆ ಹಾಕಿದರು, "ಟಾಕ್ಯಾಗ ಪೆಟ್ರೋಲ್ ಇತ್ತೋ?"

"ತುಂಬ ಇತ್ರಿ."

"ನಳಿಗ್ಯಾಗ?"

"ಇರಲಿಲ್ರಿ."

"ಮ್ಯಾಲ ಐತಿ, ಕೆಳಗ ಬರವೊಲ್ದು" ಎಂದರು ಅಜ್ಜಾರು. "ಯಾಕ ಬರವೊಲ್ದು, ನೋಡು."

ನಿಂಗೊಂಡ ಕಣ್ಣು ಮುಚ್ಚಿಕೊಂಡ. ಕೃಪೆ ಮೇಲಿದೆ, ಕೆಳಗಿಳಿಯುತ್ತಿಲ್ಲ. ಎಂಥ ಮಾತು! ಅಜ್ಜಾರ ಕಾಲಿಗೆ ಬಿದ್ದು, ಓಡಿಹೋಗಿ ತನ್ನ ನೋಟುಬುಕ್ಕಿನಲ್ಲಿ ಅದನ್ನು ಬರೆದುಕೊಂಡ.

ಮರುದಿನ ಅಜ್ಜಾರೇ ಹೇಳಿ ಅವನನ್ನು ಮೆಕ್ಯಾನಿಕ್ ಹುಸೇನಸಾಬರ ಅಂಗಡಿಗೆ ಕಳಿಸಿದರು.

ಹುಸೇನಸಾಬರು ಮೊದಲು ಮುಚ್ಚಳ ತಿರುವಿ ಟಾಕಿಯೊಳಗೆ ಇಣುಕಿದರು. ಪೆಟ್ರೋಲ್ ಇತ್ತು. ಮುಚ್ಚಳ ಹಾಕಿ ಕಾರ್ಬೋರೇಟರ್ ಬಿಚ್ಚಿದರು. ಅದರ ತಳದ ಬಟ್ಟಲು ತೊಳೆದರು. ಪೆಟ್ರೋಲ್ ಚಿಮ್ಮುವ ಜೆಟ್ ತೆಗೆದು ಬಿಸಿಲಿಗೆ ಹಿಡಿದು ಒಂದು ಕಣ್ಣಲ್ಲಿ ನೋಡಿದರು, ಊದಿದರು. ಫಿಲ್ಟರ್ ಬದಲಿಸಿದರು, ಪ್ಲಗ್ ಉಜ್ಜಿದರು. ಗಾಡಿ ಅಂಗಡಿಯ ಮುಂದೆ ನಿಂತಲ್ಲೇ ಅರ್ಧ ತಾಸು ತಪ್ಪದೆ ಫಟಫಟ ಎಂದಿತು.

"ಕಾರ್ಬೋರೇಟರ್ ಹೂವಿನಂಗೈತ್ರಿ. ಇದಕ್ಕ ಏನೂ ಆಗಿಲ್ಲ."

ಕೊನೆಗೆ ಅವರು ಬಟ್ಟೆ ತೆಗೆದುಕೊಂಡು ಗಾಡಿಯನ್ನೆಲ್ಲ ಒರೆಸಿದರು. ಮುಚ್ಚಳ ಒಂದನ್ನು ಬಿಟ್ಟರು.

"ಅದು ದೇವರ ಗಂಧ. ನಾ ಅಳಸೂದು ಚಲೋ ಅಲ್ರಿ."

ಆ ಮಾತು ನಿಂಗೊಂಡನ ಎದೆಗೆ ತಾಗಿತು. ಮರುದಿನದಿಂದ ಹುಸೇನಸಾಬರ ಹೆಸರಿನಲ್ಲಿ ಒಂದು ಬೊಟ್ಟು ಗಂಧ ಜಾಸ್ತಿ ಇಡತೊಡಗಿದ.

ಗಾಡಿ ಆ ವಾರ ಎರಡು ಸಲ ನಿಂತಿತು.

ಎರಡು ಸಲವೂ ನೂರೆಂಟಕ್ಕೆ ಚಾಲೂ ಆಯಿತು. ನಿಂಗೊಂಡ ಕಣ್ಣುಮುಚ್ಚಿ ನಂಬುವವನಲ್ಲ, ಪರೀಕ್ಷೆ ಮಾಡಿ ನೋಡಿದ. ಮುಂದಿನ ವಾರ ಒಮ್ಮೆ ಐವತ್ತನಾಲ್ಕಕ್ಕೇ ನಿಲ್ಲಿಸಿ ಹಗ್ಗ ಎಳೆದ. ಗಾಡಿ ಚಾಲೂ ಆಯಿತು, ನೂರು ಮಾರು ಹೋಯಿತು, ನಿಂತಿತು.

ಅರ್ಧ ಜಪಕ್ಕೆ ಅರ್ಧ ಫಲ. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಅದನ್ನು ಅಜ್ಜಾರಿಗೆ ಹೇಳಿದ. ಅವರು ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಹೊಸ ಎಣ್ಣೆ ಡಬ್ಬಿಯೊಂದನ್ನು ಮುಂದಿಟ್ಟರು. ಒಂದು ಮೊಳೆ ಇಟ್ಟು, ಕಲ್ಲಿನಿಂದ ಬಡಿದು, ಡಬ್ಬಿಯ ಮೂಲೆಗೆ ಒಂದು ತೂತು ಹೊಡೆದರು.

"ದೀಪಕ್ಕ ಎಣ್ಣಿ ಹಾಕು."

ನಿಂಗೊಂಡ ಡಬ್ಬಿ ಬಗ್ಗಿಸಿದ. ಗುಳುಕ್ ಎಂದು ಒಂದಿಷ್ಟು ಬಿದ್ದು ನಿಂತಿತು. ಪೂರ್ತಿ ಬಗ್ಗಿಸಿದ. ಅಲುಗಿಸಿದ. ಬೆವರು ಬಂತು, ಎಣ್ಣೆ ಬರಲಿಲ್ಲ.

"ಯಾಕ ಬರವೊಲ್ದು?" ಎಂದರು ಅಜ್ಜಾರು.

ನಿಂಗೊಂಡನಿಗೆ ತಕ್ಷಣ ಗೊತ್ತಾಯಿತು. ಇದು ಎಣ್ಣೆಯ ವಿಷಯವೇ ಅಲ್ಲ.

"ನನಗ ತಾಳ್ಮಿ ಇಲ್ಲ, ಅದಕ್ಕರಿ."

ಅಜ್ಜಾರು ಅವನ ಮುಖ ನೋಡಿದರು. ಮೊಳೆಯನ್ನು ಡಬ್ಬಿಯ ಇನ್ನೊಂದು ಮೂಲೆಗೆ ಇಟ್ಟು ಎರಡನೆಯ ತೂತು ಹೊಡೆದರು. ಎಣ್ಣೆ ದಾರದಂತೆ ಇಳಿಯತೊಡಗಿತು.

ನಿಂಗೊಂಡನ ಕಣ್ಣು ತುಂಬಿ ಬಂದವು.

"ತಿಳೀತ್ರಿ ಅಜ್ಜಾರ! ಒಂದನೇ ತೂತು ಶಿಷ್ಯ. ಎರಡನೇ ತೂತು ಗುರು. ಒಬ್ಬನಿಂದ ಆಗೂದಿಲ್ಲ, ಇಬ್ರೂ ಕೂಡಿದ್ರ ಜ್ಞಾನ ಹರೀತೈತಿ!"

ಕಾಲಿಗೆ ಬಿದ್ದ, ಎದ್ದ, ನೋಟುಬುಕ್ಕಿನ ಕಡೆ ಓಡಿದ. ಅಜ್ಜಾರು ಮೊಳೆ ಪಕ್ಕಕ್ಕಿಟ್ಟು ದೀಪಕ್ಕೆ ತಾವೇ ಎಣ್ಣೆ ಹಾಕಿದರು.

ಲಸಿಕೆಯ ಮೊದಲ ಗುರುವಾರ ಎಸ್ತೇರಮ್ಮ ಡಬ್ಬಿ ಹೆಗಲಿಗೇರಿಸಿಕೊಂಡು ಗಾಡಿಯ ಹಿಂದೆ ಕೂತರು. ನಡುದಾರಿಯಲ್ಲಿ ಗಾಡಿ ನಿಂತಿತು. ನಿಂಗೊಂಡ ವಿಷಯ ತಿಳಿಸಿ ಜಪಕ್ಕೆ ಕೂತ. ಆಕೆ ಭಕ್ತಿಯುಳ್ಳ ಹೆಂಗಸು. ಸುಮ್ಮನೆ ಕೂರುವುದೇಕೆಂದು ತಾವೂ ಕೈ ಜೋಡಿಸಿ ತಮ್ಮ ಪ್ರಾರ್ಥನೆ ಮಾಡಿಕೊಂಡರು. ಗಾಡಿ ಚಾಲೂ ಆಯಿತು.

"ನಿಂಗೊಂಡಪ್ಪಾ, ಇದು ಯಾರ ಪ್ರಾರ್ಥನೆಗೆ ಚಾಲೂ ಆತ್ರಿ?"

ನಿಂಗೊಂಡನಿಗೆ ಈ ಪ್ರಶ್ನೆ ಸ್ವಲ್ಪವೂ ಹಿಡಿಸಲಿಲ್ಲ.

"ಇಬ್ಬರದೂ ಅನ್ರಿ ಅಕ್ಕಾರ" ಎಂದ, ಹಲ್ಲು ಕಚ್ಚಿಕೊಂಡು.

ಎರಡನೆಯ ತಿಂಗಳ ಗುರುವಾರ ಗಾಡಿ ಎರಡು ಸಲ ನಿಂತಿತು. ಎಸ್ತೇರಮ್ಮ ಪ್ರಾರ್ಥನೆ ಮಾಡಿದರು, ನಡುನಡುವೆ ಡಬ್ಬಿ ತೆರೆದು ಥರ್ಮಾಮೀಟರ್ ನೋಡಿದರು. ಆ ತಿಂಗಳು ಬಿಸಿಲು ಇನ್ನೂ ಎಳೆಯದಿತ್ತು, ಹೇಗೋ ನಡೆಯಿತು.

ಅಷ್ಟರಲ್ಲಿ ಸುದ್ದಿ ಹರಡಿತ್ತು. ಹೊಳೆದಂಡೆಯಲ್ಲಿ ಐದಾರು ಜನ ಕಾದು ಕೂರುತ್ತಿದ್ದರು, ದೂರದಲ್ಲಿ ಗಾಡಿ ನಿಲ್ಲುವುದನ್ನು ನೋಡಿ ಕೈಮುಗಿಯುತ್ತಿದ್ದರು. ಆಮೇಲೆ ಹತ್ತು ಜನವಾದರು. ಅವನಿಗೆ ಜಪದ ನಿಂಗೊಂಡ ಎಂದು ಹೆಸರು ಬಿತ್ತು.

ಊರಿನ ದುಂಡಪ್ಪಗೌಡರು ತಮ್ಮ ಟ್ರ್ಯಾಕ್ಟರ್ ಹೊಲದಲ್ಲಿ ನಿಂತಿದೆಯೆಂದು ಅವನನ್ನು ಕರೆದುಕೊಂಡು ಹೋದರು. ನಿಂಗೊಂಡ ನೂರೆಂಟು ಮಾಡಿದ. ಆಗಲಿಲ್ಲ. ಇನ್ನೂ ನೂರೆಂಟು ಮಾಡಿದ. ಆಗಲಿಲ್ಲ.

"ಗೌಡ್ರ, ನಿಮಗ ನಂಬಿಕಿ ಕಡಿಮಿ ಐತಿ."

ಗೌಡರು ತಲೆ ತಗ್ಗಿಸಿದರು. ಸಂಜೆ ಅವರ ಮಗ ಬಂದು ಡೀಸೆಲ್ ಹಾಕಿದ ಮೇಲೆ ಟ್ರ್ಯಾಕ್ಟರಿಗೆ ನಂಬಿಕೆ ಬಂತು. ಆ ಸುದ್ದಿಯನ್ನು ನಿಂಗೊಂಡ ನೋಟುಬುಕ್ಕಿನಲ್ಲಿ ಬರೆಯಲಿಲ್ಲ.

ಗಾಡಿಯ ಮೇಲಿನ ಗೌರವ ಹೆಚ್ಚಿದಂತೆ ಗಂಧವೂ ಹೆಚ್ಚಿತು. ಈಗ ಮುಚ್ಚಳದ ಮೇಲೆ ನಿಂಬೆಹಣ್ಣಿನ ಹೋಳಿನಷ್ಟು ಗುಡ್ಡೆ. ಹಳೆಯದು ಒಣಗಿದ ಮೇಲೆ ಹೊಸದು, ಅದರ ಮೇಲೆ ಕುಂಕುಮ. ಗಾಡಿ ಹೋಗಿಬರುವುದರೊಳಗೆ ಮೂರು ಸಲ ನಿಲ್ಲತೊಡಗಿತು. ನಿಂಗೊಂಡನಿಗೆ ಬೇಸರವೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ, ಒಂದು ದಿನ ಗಾಡಿ ಎಲ್ಲೂ ನಿಲ್ಲದೆ ಹೋಗಿಬಂದಾಗ ಅವನಿಗೆ ಊಟ ಸೇರಿರಲಿಲ್ಲ.

ಯುಗಾದಿ ಬಂತು, ಹೋಯಿತು. ಗಿರಣಿಯ ಮಾತನ್ನು ಅವನೂ ಎತ್ತಲಿಲ್ಲ, ಅಜ್ಜಾರೂ ಎತ್ತಲಿಲ್ಲ.

ಯುಗಾದಿಯ ಮಾರನೆಯ ದಿನ ಅಜ್ಜಾರು ಅವನನ್ನು ಕರೆದು ಬಾಯಿಬಿಟ್ಟೇ ಹೇಳಿದರು.

"ನಿಂಗೊಂಡಾ, ತೂತು ಕಟ್ಟೇತೋ. ತೂತು ನೋಡು."

"ಯಾವ ತೂತ್ರಿ ಅಜ್ಜಾರ?"

"ಗಾಳಿ ಹೋಗೂ ತೂತು."

ನಿಂಗೊಂಡ ಬೆಚ್ಚಿಬಿದ್ದ. ಹೌದು, ಎಡ ಮೂಗು ವಾರದಿಂದ ಕಟ್ಟಿತ್ತು. ನೆಗಡಿ ಎಂದುಕೊಂಡಿದ್ದ. ಅಂದರೆ ಪ್ರಾಣ ಹರಿಯುವ ಇಡಾ ನಾಡಿ! ಅದನ್ನು ಕೂತಲ್ಲಿಂದಲೇ ಕಂಡರಲ್ಲ! ಕಾಲಿಗೆ ಬಿದ್ದು ಹೋದವನು ನಾಲ್ಕು ದಿನ ಹೊತ್ತು ಹೊತ್ತಿಗೆ ಒಂದು ಮೂಗಿನಿಂದ ಉಪ್ಪುನೀರು ಹಾಕಿ ಇನ್ನೊಂದರಿಂದ ಬಿಟ್ಟ. ನೆಗಡಿ ವಾಸಿಯಾಯಿತು.

ಮೂರನೆಯ ತಿಂಗಳ ಗುರುವಾರ ಬಂತು. ಬೆಳಿಗ್ಗೆ ಒಂಬತ್ತಕ್ಕೇ ಉಸುಕಿನ ಮೇಲೆ ಕಾಲಿಡಲು ಆಗುತ್ತಿರಲಿಲ್ಲ.

ಎಸ್ತೇರಮ್ಮ ಬಂದವರೇ ಹೇಳಿದರು, "ಅಜ್ಜಾರ, ನಿನ್ನಿ ದವಾಖಾನ್ಯಾಗ ಕರೆಂಟ್ ಇರಲಿಲ್ರಿ. ಬರ್ಫ ಅರ್ಧಾನ ಗಟ್ಟಿ ಆಗೇತಿ. ಇವತ್ತ ತಡಾ ಆದ್ರ ಔಷಧ ಕೆಟ್ಟಂಗ. ಇಪ್ಪತ್ಮೂರು ಕೂಸು ಅದಾವು. ಹೋದ ಸಲ ತಪ್ಪಿಸಿಕೊಂಡವೂ ಅದರಾಗ ಅದಾವು."

"ನಾ ಇದ್ದೇನಲ್ರಿ ಅಕ್ಕಾರ" ಎಂದ ನಿಂಗೊಂಡ. ಜಪಮಾಲೆ ಆಗಲೇ ಕೊರಳಿಂದ ಕೈಗೆ ಬಂದಿತ್ತು.

ಅಜ್ಜಾರು ಅವನ ಕಡೆ ನೋಡಲಿಲ್ಲ. "ತಾಯಿ, ಇವತ್ತ ಗಾಡಿ ನಿಂತ್ರ ನೀವು ಪ್ರಾರ್ಥನೆಗೆ ಕುಂದರಬ್ಯಾಡ್ರಿ" ಎಂದರು.

"ಮತ್ತ ಏನ ಮಾಡ್ಲಿ?"

"ಮನ್ಯಾಗ ಗಂಡಸರಿಗೆ ಒಂದು ಕೆಲಸ ತಿಳೀಲಿಲ್ಲಂದ್ರ ನೀವು ಏನ ಮಾಡ್ತೀರಿ?"

"ನಾನ ಮಾಡ್ತೀನ್ರಿ."

"ಹಾಂ" ಎಂದು ಅಜ್ಜಾರು ಒಳಗೆ ಹೋದರು.

ಗಾಡಿ ಮುಕ್ಕಾಲು ಮೈಲಿಗೇ ನಿಂತಿತು. ಹಿಂದೆ ದಂಡೆಯ ಮೇಲೆ ಜನ ಕೈಮುಗಿದದ್ದು ಚುಕ್ಕೆ ಚುಕ್ಕೆಯಾಗಿ ಕಂಡಿತು. ನಿಂಗೊಂಡ ಇಳಿದು ನೆರಳಿಗೆ ಕೂತು ಕಣ್ಣು ಮುಚ್ಚಿದ.

ಎಸ್ತೇರಮ್ಮ ಡಬ್ಬಿ ತೆರೆದರು. "ಆರು ಡಿಗ್ರಿ. ಎಂಟು ದಾಟಬಾರದು. ಏಳ್ರಿ ನಿಂಗೊಂಡಪ್ಪಾ."

"ನೂರೆಂಟು ಆಗದ ಏನೂ ಆಗೂದಿಲ್ರಿ."

"ಪೆಟ್ರೋಲ್ ಐತೇನು?"

"ಐತ್ರಿ. ಮಾತಾಡಿಸಬ್ಯಾಡ್ರಿ, ಲೆಕ್ಕ ತಪ್ಪತೈತಿ."

ಆಕೆ ಇನ್ನು ಕೇಳಲಿಲ್ಲ. ಟಾಕಿಯ ಮುಚ್ಚಳಕ್ಕೆ ಕೈ ಹಾಕಿದರು. ಗಂಧ ಬೆರಳಿಗೆ ಮೆತ್ತಿತು. ಸೆರಗಿನಲ್ಲಿ ಹಿಡಿದು ಬಲವಾಗಿ ತಿರುವಿದರು.

ಸುಸ್ಸ್ಸ್ ಎಂದು ಗಾಡಿ ಉದ್ದಕ್ಕೆ ಉಸಿರೆಳೆದುಕೊಂಡಿತು.

ನಿಂಗೊಂಡ ಕಣ್ಣು ಬಿಟ್ಟ.

"ಎಳೀರಿ ಹಗ್ಗ" ಎಂದರು ಎಸ್ತೇರಮ್ಮ.

"ಇನ್ನೂ ಹನ್ನೊಂದ ಮಣಿ ಆಗ್ಯಾವ್ರಿ ಅಕ್ಕಾರ."

"ಎಳೀರಿ ಅಂದೆ!"

ಸೂಜಿ ಹಿಡಿದು ಊರನ್ನೇ ಗದರಿಸಿದ ದನಿ ಅದು. ನಿಂಗೊಂಡ ಎದ್ದು ಎಳೆದ. ಒಂದೇ ಎಳೆತಕ್ಕೆ ಗಾಡಿ ಫಟಫಟ ಎಂದಿತು. ಹನ್ನೊಂದು ಮಣಿಗೆ.

ಎಸ್ತೇರಮ್ಮ ತಲೆಯಿಂದ ಒಂದು ಹೇರ್‌ಪಿನ್ ತೆಗೆದು ಮುಚ್ಚಳದ ನಡುವೆ ಚುಚ್ಚಿದರು. ಒಣಗಿದ ಗಂಧ ಹೆಂಟೆಹೆಂಟೆಯಾಗಿ ಎದ್ದು ಬಂತು. ಮುಚ್ಚಳವನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಸಾಸಿವೆ ಕಾಳಿನಷ್ಟು ಬೆಳಕು ಈಚೆ ಬಂತು.

"ನೋಡ್ರಿ. ಇದು ಗಾಳಿ ಹೋಗೂ ತೂತು. ಪೆಟ್ರೋಲ್ ಕೆಳಗ ಇಳದಂಗ ಟಾಕ್ಯಾಗ ಮ್ಯಾಲ ಗಾಳಿ ತುಂಬಬೇಕು. ತುಂಬಲಿಲ್ಲಂದ್ರ ಪೆಟ್ರೋಲ್ ಹೆಂಗ ಇಳೀತೈತಿ? ಎಣ್ಣಿ ಡಬ್ಬಿಗೆ ಎರಡು ತೂತು ಯಾಕ ಹೊಡೀತಾರ, ನೀವು ಅಡಗಿಮನಿಗೆ ಒಮ್ಮೆನೂ ಹೋಗಿಲ್ಲೇನ್ರಿ?"

ನಿಂಗೊಂಡ ಹೋಗಿದ್ದ. ಅಷ್ಟೇ ಅಲ್ಲ, ನೋಟುಬುಕ್ಕಿನಲ್ಲಿ ಬರೆದೂ ಇಟ್ಟಿದ್ದ.

"ಆದ್ರ ನೂರೆಂಟಕ್ಕ ಚಾಲೂ ಆಗತಿತ್ತಲ್ರಿ" ಎಂದ ಮೆಲ್ಲಗೆ.

"ನೀವು ಅಷ್ಟು ಹೊತ್ತು ಕುಂತಿರತಿದ್ರಿ. ಆಗ ಗಂಧದ ಬಿರುಕಿನ್ಯಾಗ ಹಾದು ಸಣ್ಣಕ ಗಾಳಿ ಹೋಗತಿತ್ತು. ನೂರೆಂಟು ಸಲ ಆಕಳಿಸಿದ್ರೂ ಚಾಲೂ ಆಗತಿತ್ತು. ನಡೀರಿ ಈಗ, ಏಳು ಡಿಗ್ರಿ ಆತು!"

ಗಾಡಿ ಒಂದೇ ಓಟಕ್ಕೆ ನಡುಗಡ್ಡೆ ಮುಟ್ಟಿತು. ಡಬ್ಬಿ ಇನ್ನೂ ಏಳರಲ್ಲೇ ಇತ್ತು. ತಾಯಂದಿರು ಸಾಲಾಗಿ ಕೂತರು. ಇಪ್ಪತ್ಮೂರು ಕೂಸುಗಳು ಒಂದಾದ ಮೇಲೊಂದು ಅತ್ತವು. ಇಪ್ಪತ್ತನಾಲ್ಕನೆಯವನಾಗಿ ನಿಂಗೊಂಡ ಗಾಡಿಯ ಹಿಂದೆ ನಿಂತು ಅತ್ತ.

ಅವನಿಗೆ ಅವಮಾನಕ್ಕಿಂತ ದುಃಖ ಹೆಚ್ಚಾಗಿತ್ತು. ಯಾರೋ ಓಗೊಟ್ಟರು ಎಂದುಕೊಂಡಿದ್ದ. ಯಾರೂ ಓಗೊಟ್ಟಿರಲಿಲ್ಲ. ಮೊದಲು ಹೇಗೆ ಒಬ್ಬನೇ ಇದ್ದನೋ ಹಾಗೇ ಇದ್ದ.

ಎಸ್ತೇರಮ್ಮ ಕೈ ತೊಳೆದುಕೊಂಡು ಬಂದು ಅವನ ಪಕ್ಕ ನಿಂತರು.

"ನಿಮಗ ಒಬ್ಬರಿಗೇ ಹಿಂಗಾತು ಅನಕೋಬ್ಯಾಡ್ರಿ. ಮೊದಲನೇ ತಿಂಗಳ ನನ್ನ ಪ್ರಾರ್ಥನೆಗೇ ಚಾಲೂ ಆತು ಅಂತ ನಾ ನಮ್ಮ ಚರ್ಚಿನ್ಯಾಗ ಎದ್ದು ನಿಂತು ಹೇಳಿ ಬಂದೇನಿ. ಎಲ್ಲಾರೂ ಚಪ್ಪಾಳಿ ಹೊಡದಾರ. ಈಗ ನಾ ಏನ ಮಾಡ್ಲಿ ಹೇಳ್ರಿ?"

ನಿಂಗೊಂಡನಿಗೆ ಅಳುವಿನ ನಡುವೆ ನಗು ಬಂತು, ಮೂಗಿನಿಂದ.

"ನಾ ಯಾರಿಗೂ ಹೇಳೂದಿಲ್ಲ" ಎಂದರು ಆಕೆ. "ನೀವು ಹೇಳೂದು ಬಿಡೂದು ನಿಮಗ ಬಿಟ್ಟದ್ದು."

ಅಂದರೆ ತೂತಿಗೆ ಚಿಟಿಕೆ ಗಂಧ ಒತ್ತಿದರೆ ಸಾಕು, ಎಲ್ಲ ಮೊದಲಿನಂತಾಗುತ್ತದೆ. ದಂಡೆಯ ಮೇಲೆ ಜನ ಕಾದಿರುತ್ತಾರೆ, ಕೈಮುಗಿಯುತ್ತಾರೆ. ಹಿಂದಿರುಗುವ ದಾರಿಯಲ್ಲಿ ನಿಂಗೊಂಡನ ಹೆಬ್ಬೆರಳು ಒಮ್ಮೆ ಮುಚ್ಚಳದ ಮೇಲೆ ಹೋಗಿ ತೂತು ಮುಚ್ಚಿ ಕೂತಿತು. ಸ್ವಲ್ಪ ದೂರ ಹಾಗೇ ನಡೆಸಿದ.

ಅವನ ಬೆರಳಿನ ತುದಿಯನ್ನು ಏನೋ ಮೆಲ್ಲಗೆ ಒಳಕ್ಕೆ ಎಳೆಯತೊಡಗಿತು. ಹಸಿದ ಕೂಸಿನ ಬಾಯಿಯ ಹಾಗೆ. ಅವನು ಕೈ ತೆಗೆದ.

ದಂಡೆಯಲ್ಲಿ ಇಪ್ಪತ್ತು ಜನರಿದ್ದರು. ಹೂವು ತಂದಿದ್ದರು. ನಿಂಗೊಂಡ ಗಾಡಿ ನಿಲ್ಲಿಸಿ ಇಳಿಯದೆಯೇ ಹೇಳಿದ.

"ಕೇಳ್ರಿ. ಜಪದಿಂದ ಏನೂ ಆಗಿಲ್ಲ. ಗಂಧ ಹಚ್ಚಿ ಹಚ್ಚಿ ನಾನ ತೂತು ಮುಚ್ಚಿದ್ದೆ. ಗಾಳಿ ಇಲ್ಲದ ಪೆಟ್ರೋಲ್ ಇಳೀತಿರಲಿಲ್ಲ. ಅಷ್ಟ."



"ಏನ್ ವಿನಯ ನೋಡ್ರಿ!" ಎಂದರು ದುಂಡಪ್ಪಗೌಡರು.

"ದೊಡ್ಡವರು ಹಿಂಗ ಇರತಾರ" ಎಂದ ಇನ್ನೊಬ್ಬ.

"ಆ ಗಂಧ ಬಿಸಾಡಿದ್ರೇನ್ರಿ? ಒಂಚೂರು ಕೊಡ್ರಿ, ನಮ್ಮ ಪಂಪ್‌ಸೆಟ್ಟಿಗೆ ಹಚ್ತೀವಿ."

"ಹಚ್ಚಬ್ಯಾಡ್ರೋ!" ಎಂದು ನಿಂಗೊಂಡ ಕೂಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಚ್ಚಳದ ಅಂಚಿನಲ್ಲಿ ಉಳಿದಿದ್ದ ಗಂಧವನ್ನೆಲ್ಲ ಉಗುರಿನಿಂದ ಕೆರೆದುಕೊಂಡು ಹಣೆಗೊತ್ತಿಕೊಂಡು ಹೋದರು. ಮುಚ್ಚಳ ಹೊಸದರಂತೆ ಹೊಳೆಯಿತು.

ನಿಂಗೊಂಡ ತನ್ನ ಕೋಣೆಗೆ ಹೋದ. ಎರಡು ಪಂಚೆ, ಒಂದು ಕಂಬಳಿ ಗಂಟು ಕಟ್ಟಿದ. ನೋಟುಬುಕ್ಕನ್ನು ಒಲೆಗೆ ಹಾಕಿ ಬಂದ. ಅಜ್ಜಾರು ಆಲದ ಮರದ ಕೆಳಗೆ ಚಾಪೆ ಹಾಸಿಕೊಂಡು ಕೂತಿದ್ದರು.

"ಎಲ್ಲಿಗೋ?"

"ಗಿರಣಿಗೆ ಹೊಂಟೇನ್ರಿ."

"ಕೂಸುಗೋಳಿಗೆ ಔಷಧ ಬಿತ್ತೋ?"

"ಬಿತ್ರಿ. ಇಪ್ಪತ್ಮೂರೂ ಆತು."

"ಚಲೋ ಆತು."

ನಿಂಗೊಂಡ ನಿಂತೇ ಇದ್ದ. ಕೇಳದೆ ಹೋಗಲು ಅವನಿಗೆ ಕಾಲು ಬರಲಿಲ್ಲ.

"ನಿಮಗ ಮೊದಲ ಗೊತ್ತಿತ್ತೇನ್ರಿ ಅಜ್ಜಾರ?"

"ಗೊತ್ತಿತ್ತು."

"ಮತ್ತ ನನಗ ಹೇಳಬಾರದಿತ್ತೇನ್ರಿ?"

"ಮೂರು ಸಲ ಹೇಳಿದೆ. ಮೂರು ಸಲಾನೂ ನೀ ಕಾಲಿಗೆ ಬಿದ್ದು ಓಡಿ ಹೋದಿ."

"ಕಪಾಳಕ್ಕೊಂದು ಬಿಟ್ಟು ಹೇಳಬೇಕಿತ್ರಿ."

"ಹೊಡದಿದ್ರ ಅದಕ್ಕೂ ಒಂದು ಅರ್ಥ ಹಚ್ಚತಿದ್ದಿ."

ನಿಂಗೊಂಡ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಹಂಗಾದ್ರ ಒಂಬತ್ತು ವರ್ಷದ ಜಪದಿಂದ ಏನೂ ಆಗಿಲ್ಲ, ಹೌದಲ್ರಿ?"

"ಏನೂ ಆಗಿಲ್ಲ."

ಅಷ್ಟು ನೇರವಾಗಿ ಹೇಳುತ್ತಾರೆಂದು ಅವನು ಎಣಿಸಿರಲಿಲ್ಲ. ಬಗ್ಗಿ ನಮಸ್ಕಾರ ಮಾಡಿ ಹೊರಟ.

"ನಿಂಗೊಂಡಾ."

ನಿಂತ.

"ಇನ್ನ ಆ ಗಾಡಿ ಜಪಕ್ಕ ಚಾಲೂ ಆಗತೈತೇನು?"

"ಇಲ್ರಿ. ಹಗ್ಗ ಎಳದ್ರ ಆತು."

"ಮಂದಿ ಕೈ ಮುಗೀತಾರೇನು?"

"ಗಾಡಿ ನಿಲ್ಲಲಿಲ್ಲಂದ್ರ ಯಾಕ ಮುಗೀತಾರ್ರಿ. ನಾಕ ದಿನಕ್ಕ ಮರೀತಾರ."

"ಬೆಳಕು, ನಾದ, ಏನರೆ ಕಾಣತೈತೇನು?"

"ಏನೂ ಇಲ್ರಿ ಅಜ್ಜಾರ. ಏನಂದ್ರ ಏನೂ ಇಲ್ಲ."

ಅಜ್ಜಾರು ಸರಿದು ಕೂತು ಚಾಪೆಯ ಮೇಲೆ ಅವನಿಗೆ ಜಾಗ ಮಾಡಿದರು.

"ಹಂಗಾದ್ರ ಬಾ, ಕುಂದರು. ಇವತ್ತಿನಿಂದ ಜಪಾ ಶುರು ಮಾಡೂಣು."